ಕಾಲುವೆಯಲ್ಲಿ ಓಡುವ ಅಲೆ

ಅಲೆಯೆಂದೊಡನೆ ಕಡಲು ನೆನಪಿಗೆ ಬರುವುದು ಸಹಜ. ಕಡಲಿಗೆ ಬಹುದೂರವಾದ ವಿಜಯಪುರ ಜಿಲ್ಲೆಯ ಬಯಲುಸೀಮೆಗೂ ಅಲೆಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಸಂಬಂಧವುಂಟು. ಕೃಷ್ಣಾನದಿಗೆ ಅಡ್ಡಲಾಗಿ ಕಟ್ಟಿದ ನಾರಾಯಣಪುರದ ಬಸವಸಾಗರವು ಮುದ್ದೇಬಿಹಾಳದ ಸೀಮೆಗೆ ತಾಗಿದೆ. ಅದರ ಎಡದಂಡೆ ಕಾಲುವೆಯ ಒಂದು ಶಾಖೆ ಸಿಂದಗಿ, ಇಂಡಿ ತಾಲ್ಲೂಕುಗಳ ಹೊಲಗಳತ್ತ ಸಾಗುತ್ತದೆ. ಮಳೆಯನ್ನು ನೆಚ್ಚಲಾಗದ ಈ ನಾಡಿನಲ್ಲಿ ಕಾಲುವೆಯ ದಂಡೆ ಒಡೆಯಿತೆಂದರೆ ಕೊನೆಯ ಹೊಲದ ರೈತನಿಗೆ ನೀರು ಮುಟ್ಟದು. ಹಾಗೆ ಒಡೆಯುವುದಕ್ಕೆ ಅಲೆಯೂ ಒಂದು ಕಾರಣವಾಗಬಲ್ಲದು.

ಹರಿಯುವ ಕಾಲುವೆಯ ಗೇಟನ್ನು ಥಟ್ಟನೆ ಮುಚ್ಚಿದರೆಂದು ಊಹಿಸಿರಿ. ಹಿಂದಿನಿಂದ ಬರುತ್ತಿರುವ ನೀರು ಎಲ್ಲಿಗೆ ಹೋಗಬೇಕು? ಇದಕ್ಕೆ ಉತ್ತರ ಬೇಕಾದರೆ ಅಲೆಯ ಸ್ವಭಾವವನ್ನು ಅರಿಯಬೇಕು.

ಕೆರೆಯ ನೀರಿನಲ್ಲಿ ಒಂದು ಎಲೆಯನ್ನು ತೇಲಬಿಟ್ಟು, ಸ್ವಲ್ಪ ದೂರದಲ್ಲಿ ಕಲ್ಲೆಸೆಯಿರಿ. ಅಲೆಗಳು ದಡದವರೆಗೆ ಬರುತ್ತವೆ. ಎಲೆಯಾದರೋ ಇದ್ದಲ್ಲಿಯೇ ಏರಿಳಿಯುತ್ತದೆ. ಮುಂದೆ ಸಾಗುವುದು ಮುಖ್ಯವಾಗಿ ಚಲನೆ ಮತ್ತು ಶಕ್ತಿ, ನೀರಲ್ಲ. ಆದುದರಿಂದಲೇ ಅಲೆಯ ವೇಗ ಬೇರೆ, ನೀರಿನ ವೇಗ ಬೇರೆ.

ಕಾಲುವೆಯ ಅಲೆಯನ್ನು ಶಾಸ್ತ್ರೀಯವಾಗಿ ಅಭ್ಯಸಿಸಿದವರಲ್ಲಿ ಸ್ಕಾಟ್ಲೆಂಡಿನ ಜಾನ್ ಸ್ಕಾಟ್ ರಸೆಲ್ ಪ್ರಮುಖನು. 1834ರಲ್ಲಿ ಈ ತರುಣ ಇಂಜಿನಿಯರನು ಎಡಿನ್‌ಬರೋ ಸಮೀಪದ ಕಾಲುವೆಯಲ್ಲಿ ಕುದುರೆಗಳು ಎಳೆಯುತ್ತಿದ್ದ ದೋಣಿಯನ್ನು ಗಮನಿಸುತ್ತಿದ್ದನು. ದೋಣಿ ಫಕ್ಕನೆ ನಿಂತಿತು. ಅದರ ಮುಂದೆ ಒಟ್ಟಾಗಿದ್ದ ನೀರು ನಿಲ್ಲಲಿಲ್ಲ. ಸುಮಾರು 9 ಮೀಟರು ಉದ್ದ, 30ರಿಂದ 45 ಸೆಂಟಿಮೀಟರು ಎತ್ತರದ ಒಂಟಿ ಅಲೆಯಾಗಿ ಅದು ಗಂಟೆಗೆ ಸುಮಾರು 13 ಕಿಲೋಮೀಟರು ವೇಗದಿಂದ ಓಡಿತು. ರಸೆಲ್ ಕುದುರೆಯೇರಿ ಅದನ್ನು ಬೆನ್ನಟ್ಟಿದನು. ಅನಂತರ ಮನೆಯ ತೋಟದಲ್ಲಿಯೇ ತೊಟ್ಟಿ ಕಟ್ಟಿಸಿ, ಅಲೆಯ ವೇಗಕ್ಕೂ ನೀರಿನ ಆಳಕ್ಕೂ ಇರುವ ನಂಟನ್ನು ಅಳೆದನು.

ಆಳಕ್ಕಿಂತ ಬಹಳ ಉದ್ದವಾದ ಸಣ್ಣ ಅಲೆಗೆ ನಿಯಮ ಸರಳ: ನೀರಿನ ಆಳದ ಮೀಟರುಗಳನ್ನು 9.8ರಿಂದ ಗುಣಿಸಿ ವರ್ಗಮೂಲ ತೆಗೆದರೆ, ಸೆಕೆಂಡಿಗೆ ಇಷ್ಟು ಮೀಟರು ಎಂಬ ವೇಗ ದೊರೆಯುತ್ತದೆ. ಆಳ 0.4 ಮೀಟರಾದರೆ ವೇಗ ಸುಮಾರು 2 ಮೀಟರು, 1.6 ಮೀಟರಾದರೆ ಸುಮಾರು 4 ಮೀಟರು. ಆಳ ನಾಲ್ಕು ಪಟ್ಟಾದಾಗ ವೇಗ ಇಮ್ಮಡಿಯಾಗುತ್ತದೆ.

ಈಗ ಗೇಟಿನ ಪ್ರಶ್ನೆಗೆ ಬರೋಣ. ಆಯತಾಕಾರದ ಕಾಲುವೆಯೊಂದರಲ್ಲಿ 1.6 ಮೀಟರು ಆಳದ ನೀರು ಸೆಕೆಂಡಿಗೆ 1 ಮೀಟರು ವೇಗದಿಂದ ಹರಿಯುತ್ತಿರಲಿ. ಗೇಟು ಒಮ್ಮೆಗೇ ಪೂರ್ತಿ ಮುಚ್ಚಿದರೆ ಅಲ್ಲಿ ನೀರಿನ ಮಟ್ಟ ಸುಮಾರು 0.4 ಮೀಟರು ಏರುತ್ತದೆ. ಈ ಏರಿಕೆ ದೊಡ್ಡದಾದ್ದರಿಂದ ಸಣ್ಣ ಅಲೆಯ ನಿಯಮ ಇಲ್ಲಿ ಸಾಲದು. ಪೂರ್ಣ ಲೆಕ್ಕದಂತೆ ಏರಿದ ನೀರಿನ ಮೆಟ್ಟಿಲು ಪ್ರವಾಹಕ್ಕೆ ಎದುರಾಗಿ ಸೆಕೆಂಡಿಗೆ 3.75 ಮೀಟರಿನಂತೆ ಹಿಂದಕ್ಕೆ ಸಾಗಿ, ಒಂದು ಕಿಲೋಮೀಟರನ್ನು ಸುಮಾರು ನಾಲ್ಕೂವರೆ ನಿಮಿಷಗಳಲ್ಲಿ ಕ್ರಮಿಸುತ್ತದೆ. ದಂಡೆ ನೀರಿನ ಮಟ್ಟಕ್ಕಿಂತ ಕೇವಲ ಒಂದು ಗೇಣು ಎತ್ತರವಿದ್ದರೆ ನೀರು ಹೊರಚೆಲ್ಲುವುದು. ಮಣ್ಣಿನ ದಂಡೆಯಾದರೆ ಕೊಚ್ಚಿಹೋಗುವುದು. ಗೇಟುಗಳನ್ನು ಮೆಲ್ಲಮೆಲ್ಲನೆ ಮುಚ್ಚಬೇಕೆಂಬುದರ ಮರ್ಮವಿದು. ಹೆಚ್ಚಾದ ನೀರು ಹೊರಹೋಗಲು ಕಾಲುವೆಯಲ್ಲಿ ಪಕ್ಕದ ಬಾಗಿಲುಗಳನ್ನಿಡುವುದೂ ಇದಕ್ಕಾಗಿಯೇ.

ಜಲಾಶಯದ ಅಲೆಗಳ ರೀತಿ ಬೇರೆ. ಮೊದಲು ಬಸವನ ಬಾಗೇವಾಡಿ ತಾಲ್ಲೂಕಿಗೆ ಸೇರಿದ್ದ ಆಲಮಟ್ಟಿಯಲ್ಲಿ 1964ರಲ್ಲಿ ಶಂಕುಸ್ಥಾಪನೆಯಾದ ಅಣೆಕಟ್ಟಿನ ಹಿಂದೆ ನೀರು ಸಮುದ್ರಮಟ್ಟದಿಂದ 519.6 ಮೀಟರುಗಳವರೆಗೆ ನಿಲ್ಲುತ್ತದೆ. ಇಂಥ ವಿಶಾಲ ನೀರಿನ ಮೇಲೆ ಅಲೆಗಳನ್ನೆಬ್ಬಿಸುವುದು ಗಾಳಿ. ಗಾಳಿಯ ವೇಗ, ಅದು ಬೀಸುವ ಹೊತ್ತು, ತಡೆಯಿಲ್ಲದೆ ನೀರಿನ ಮೇಲೆ ಸಾಗುವ ದೂರ, ಈ ಮೂರರಿಂದ ಅಲೆಯ ಎತ್ತರ ನಿರ್ಧಾರವಾಗುತ್ತದೆ. ಆ ಎತ್ತರವನ್ನು ಗಣಿಸಿಯೇ ಅಣೆಕಟ್ಟಿನ ನೆತ್ತಿಯನ್ನು ತುಂಬಿದ ನೀರಿನ ಮಟ್ಟಕ್ಕಿಂತ ಮೇಲೆ ಇಡುತ್ತಾರೆ.

ಇಂಥ ಲೆಕ್ಕಗಳನ್ನು ಪ್ರಯೋಗದಿಂದ ಒರೆಗೆ ಹಚ್ಚುವುದು ಸಂಶೋಧಕರ ಕೆಲಸ. 1960ರಲ್ಲಿ ಸ್ಥಾಪಿತವಾದ ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜು ಈಗ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಾಗಿದೆ. ಅಲ್ಲಿ 50 ಮೀಟರು ಉದ್ದದ ಅಲೆತೊಟ್ಟಿಯುಂಟು. ಒಂದು ತುದಿಯ ಹಲಗೆಯನ್ನು ಯಂತ್ರದಿಂದ ತೂಗಿ ಅಲೆಯೆಬ್ಬಿಸುತ್ತಾರೆ. ಮತ್ತೊಂದು ತುದಿಯಲ್ಲಿ ಕಡಲ ತಡೆಗೋಡೆಯ ಚಿಕ್ಕ ಮಾದರಿಯಿಟ್ಟು ಪರೀಕ್ಷಿಸುತ್ತಾರೆ. ಡಾಕ್ಟರೇಟ್ ಪದವಿಗಾಗಿ ದುಡಿಯುವ ವಿದ್ಯಾರ್ಥಿಗೆ ಗಣಿತದಷ್ಟೇ ತಾಳ್ಮೆಯೂ ಇಲ್ಲಿ ಬೇಕು.

ಈ ಅಭ್ಯಾಸವನ್ನು ಹವ್ಯಾಸವಾಗಿ ಮನೆಯಲ್ಲಿಯೇ ಆರಂಭಿಸಬಹುದು. 60 ಸೆಂಟಿಮೀಟರು ಉದ್ದದ ಚಪ್ಪಟೆ ತಟ್ಟೆಯಲ್ಲಿ 1 ಸೆಂಟಿಮೀಟರು ನೀರು ಹಾಕಿ, ಒಂದು ತುದಿಯನ್ನು ತುಸು ಎತ್ತಿ ಇಳಿಸಿರಿ. ಎದ್ದ ಅಲೆ ತುದಿಯಿಂದ ತುದಿಗೆ ನಾಲ್ಕು ಸಲ ಸಾಗಲು ಸುಮಾರು 8 ಸೆಕೆಂಡು ಹಿಡಿಯುವುದು. ನೀರನ್ನು 4 ಸೆಂಟಿಮೀಟರಿಗೆ ಏರಿಸಿದರೆ ಸುಮಾರು 4 ಸೆಕೆಂಡು ಸಾಕು. ಆದರೆ ತುಂಬಿ ಹರಿಯುವ ಕಾಲುವೆಯಲ್ಲಿ ಪ್ರಯೋಗಕ್ಕಿಳಿಯಬಾರದು. ಅದನ್ನು ದೂರದಿಂದ ನೋಡಿರಿ. ಮುಂದೊಂದು ದಿನ ಗೇಟು ಮುಚ್ಚುವುದನ್ನು ಕಂಡಾಗ, ದಂಡೆಯ ಅಂಚಿನಲ್ಲಿ ಹಿಂದಕ್ಕೆ ಓಡುವ ನೀರಿನ ಮೆಟ್ಟಿಲನ್ನು ನಿಮ್ಮ ಕಣ್ಣು ತಾನಾಗಿಯೇ ಗುರುತಿಸುವುದು.