ತಳ ಹಿಡಿದ ಮೀನು

ಹೊಸ ಊರಿಗೆ ಮೊದಲ ಸಲ ಹೋದವನು ಛತ್ರದಲ್ಲಿ ಎಲ್ಲಿ ಕೂರುತ್ತಾನೆ? ಹಜಾರದ ನಡುವೆ ಅಲ್ಲ. ಗೋಡೆಗೆ ಬೆನ್ನು ಕೊಟ್ಟು, ಬಾಗಿಲು ಕಾಣುವಂಥ ಮೂಲೆಯಲ್ಲಿ. ಸ್ವಲ್ಪ ಹೊತ್ತಿನ ಮೇಲೆ ಎದ್ದು ಕಿಟಕಿಯಿಂದ ಇಣುಕುತ್ತಾನೆ. ಆಮೇಲೆ ಬೀದಿಗೆ ಇಳಿಯುತ್ತಾನೆ. ಅಂಜಿಕೆಯೂ ಕುತೂಹಲವೂ ಒಂದೇ ಎದೆಯಲ್ಲಿ ಹಗ್ಗ ಜಗ್ಗುವ ಈ ಸ್ಥಿತಿ ಮನುಷ್ಯನಿಗೆ ಮಾತ್ರ ಮೀಸಲಾದುದಲ್ಲ. ಒಂದೂವರೆ ಅಂಗುಲದ ಮೀನೊಂದು ಇದನ್ನು ನನಗೆ ತೋರಿಸಿಕೊಟ್ಟಿತು. ಅದರ ವಿಷಯವಾಗಿ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಮೈಯುದ್ದಕ್ಕೂ ನೀಲಿ ಪಟ್ಟೆಗಳಿರುವ ಈ ಮೀನಿಗೆ ಜೀಬ್ರಾ ಮೀನು ಎಂದು ಹೆಸರು. ಇದು ನಮ್ಮ ದೇಶದ್ದೇ. ಗಂಗೆಯ ಬಯಲಿನ ತೊರೆ, ಹೊಂಡ, ಭತ್ತದ ಗದ್ದೆಗಳು ಇದರ ತವರು. 1822ರಲ್ಲಿ ಗಂಗಾ ನದಿಯ ಮೀನುಗಳನ್ನು ಕುರಿತ ತನ್ನ ಗ್ರಂಥದಲ್ಲಿ ಇದನ್ನು ವರ್ಣಿಸಿದವನು ಫ್ರಾನ್ಸಿಸ್ ಹ್ಯಾಮಿಲ್ಟನ್. ಟಿಪ್ಪುವಿನ ಪತನಾನಂತರ ಮೈಸೂರು ಸೀಮೆಯನ್ನೂ ಕೆನರಾವನ್ನೂ ಸುತ್ತಿ ಪ್ರವಾಸಕಥನ ಬರೆದ ಬುಕಾನನ್ ಈತನೇ. ಮುಂದೆ ಹೆಸರು ಬದಲಿಸಿಕೊಂಡ. ಈ ಮೀನನ್ನು ತಳಿವಿಜ್ಞಾನದ ಅಂಗಳಕ್ಕೆ ತಂದವರು ಅಮೆರಿಕದ ಓರೆಗಾನ್ ವಿಶ್ವವಿದ್ಯಾಲಯದ ಜಾರ್ಜ್ ಸ್ಟ್ರೈಸಿಂಗರ್. ಅವರ ಪ್ರಸಿದ್ಧ ಪ್ರಬಂಧ 1981ರಲ್ಲಿ ಬಂದಿತು. ಮನುಷ್ಯನ ಜೀನುಗಳಲ್ಲಿ ಶೇಕಡಾ 70ರಷ್ಟಕ್ಕೆ ಈ ಮೀನಿನಲ್ಲಿ ಸಂಬಂಧಿ ಜೀನುಗಳುಂಟು ಎಂದು 2013ರಲ್ಲಿ ತಿಳಿದುಬಂತು.

ಪ್ರಯೋಗ ಬಹು ಸರಳ. ಮೀನನ್ನು ಅದು ಎಂದೂ ಕಾಣದ ಗಾಜಿನ ತೊಟ್ಟಿಯೊಂದಕ್ಕೆ ಬಿಡುತ್ತಾರೆ. ಸಾಮಾನ್ಯವಾಗಿ ಆರು ನಿಮಿಷ ನೋಡುತ್ತಾರೆ. ಬಿಟ್ಟೊಡನೆ ಅದು ನೇರವಾಗಿ ತಳಕ್ಕೆ ಧುಮುಕುತ್ತದೆ. ಮೇಲಿನಿಂದ ಎರಗುವ ಹಕ್ಕಿಗಳ ಭಯವಿರುವ ಜೀವಕ್ಕೆ ಆಳವೇ ಆಸರೆ. ನಿಮಿಷಗಳು ಕಳೆದಂತೆ ಅಷ್ಟಷ್ಟೇ ಮೇಲೇರುತ್ತದೆ, ಮತ್ತೆ ಇಳಿಯುತ್ತದೆ, ಕೊನೆಗೆ ತೊಟ್ಟಿಯನ್ನೆಲ್ಲ ಸುತ್ತಾಡುತ್ತದೆ. ಮೇಲಿನ ಅರ್ಧಕ್ಕೆ ಮೊದಲು ಬಂದದ್ದು ಯಾವಾಗ, ಅಲ್ಲಿ ಎಷ್ಟು ಹೊತ್ತು ಇತ್ತು, ಎಷ್ಟು ಸಲ ಗಕ್ಕನೆ ದಿಕ್ಕು ಬದಲಿಸಿತು, ಎಷ್ಟು ಸಲ ಮರಗಟ್ಟಿ ನಿಂತಿತು ಎಂಬುದನ್ನು ಬರೆದುಕೊಳ್ಳುತ್ತಾರೆ. 1934ರಲ್ಲಿ ಕ್ಯಾಲ್ವಿನ್ ಹಾಲ್ ಇಲಿಗಳನ್ನು ತೆರೆದ ಕಣದಲ್ಲಿ ಬಿಟ್ಟು ನೋಡಿದ ಪರೀಕ್ಷೆಯ ದಾಯಾದಿ ಇದು.

ತಳ ಹಿಡಿದದ್ದು ಆತಂಕದಿಂದಲೇ ಎಂಬುದಕ್ಕೆ ಆಧಾರವೇನೆಂದು ನೀವು ಕೇಳಬಹುದು. ಗಾಯಗೊಂಡ ಮೀನಿನ ಚರ್ಮದಿಂದ ಹೊರಬೀಳುವ ವಸ್ತುವೊಂದು ಜೊತೆಯ ಮೀನುಗಳನ್ನು ಬೆದರಿಸುತ್ತದೆಂದು ಕಾರ್ಲ್ ಫಾನ್ ಫ್ರಿಶ್ 1938ರಲ್ಲಿ ತೋರಿಸಿದ್ದರು. ಅಂಥ ವಸ್ತುವಿನ ಸೋಂಕು ತಗುಲಿದ ಜೀಬ್ರಾ ಮೀನು ಮೇಲೇರಲು ಹಿಂಜರಿಯುತ್ತದೆ. ಕಾಫಿಯಲ್ಲಿರುವ ಕೆಫೀನು ಹೆಚ್ಚಾದರೂ ಹಾಗೆಯೇ. ಮನುಷ್ಯರ ಖಿನ್ನತೆಗೂ ಆತಂಕಕ್ಕೂ ಕೊಡುವ ಫ್ಲೂಆಕ್ಸೆಟೀನ್ ಔಷಧವನ್ನು ಎರಡು ವಾರ ನೀರಿನಲ್ಲಿ ಬೆರೆಸಿಟ್ಟಾಗ ಮೀನು ಬೇಗ ಮೇಲೆ ಬಂದಿತು. ಒತ್ತಡದಲ್ಲಿ ಅದರ ಮೈಯಲ್ಲಿ ಏರುವ ಕಾರ್ಟಿಸಾಲ್ ನಮ್ಮ ಮೈಯಲ್ಲಿಯೂ ಏರುವಂಥದೇ. ಹೊಸ ಔಷಧಗಳನ್ನು ಹುಡುಕುವವರು ಇದನ್ನು ಆಶ್ರಯಿಸಿರುವುದು ಈ ಕಾರಣದಿಂದ.

ಆದರೆ ಮೀನಿನ ಒಳಗನ್ನು ಹೊಕ್ಕು ನೋಡಿದವರಿಲ್ಲ. ಆದಕಾರಣ ವಿವೇಕಿಗಳು 'ಆತಂಕ' ಎನ್ನದೆ 'ಆತಂಕದಂಥ ವರ್ತನೆ' ಎನ್ನುತ್ತಾರೆ. ಔಷಧದಿಂದ ಅಂಜಿಕೆ ಕಳೆದ ಮೀನು ಬೇರೆ, ಮಂಪರು ಕವಿದ ಮೀನು ಬೇರೆ. ಆದ್ದರಿಂದ ಅದು ಈಜಿದ ದೂರವನ್ನೂ ಅಳೆಯಬೇಕು. ಕೈಬಲೆಯಲ್ಲಿ ಒರಟಾಗಿ ಹಿಡಿದರೆ ಅಳೆದದ್ದು ತೊಟ್ಟಿಯ ಭಯವೋ ಬಲೆಯ ಭಯವೋ ತಿಳಿಯದು.

ನಿವೃತ್ತನಾದ ಮೇಲೆ ಪ್ರಯೋಗಾಲಯವೊಂದರಲ್ಲಿ ಈ ಮೀನನ್ನು ಮೊದಲು ಕಂಡೆ. ತಳದಲ್ಲಿ ಒಂದು ಮೀನು ನಿಶ್ಚಲವಾಗಿತ್ತು. "ಇದೊಂದು ಎಷ್ಟು ಶಾಂತವಾಗಿದೆ ನೋಡಮ್ಮ" ಎಂದೆ. ಸಂಶೋಧನೆಯ ಹುಡುಗಿ ನಕ್ಕಳು: "ಇಲ್ಲ ಸಾರ್, ಎಲ್ಲಕ್ಕಿಂತ ಹೆಚ್ಚು ಹೆದರಿರುವುದು ಅದೇ. ಕಿವಿರು, ಕಣ್ಣು ಬಿಟ್ಟು ಮತ್ತೇನೂ ಅಲುಗುತ್ತಿಲ್ಲ."

ನನಗೆ ನಗು ಬರಲಿಲ್ಲ. ಬಹಳ ವರ್ಷಗಳ ಹಿಂದೆ ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಹಳ್ಳಿಯಿಂದ ಬಂದ ಹುಡುಗನೊಬ್ಬನಿದ್ದ. ಅಲುಗುತ್ತಿರಲಿಲ್ಲ, ಒಂದು ಪ್ರಶ್ನೆ ಕೇಳುತ್ತಿರಲಿಲ್ಲ. ವರ್ಷಾಂತ್ಯದ ವರದಿಯಲ್ಲಿ 'ಶಾಂತ ಸ್ವಭಾವದವನು' ಎಂದು ಮೆಚ್ಚಿಯೇ ಬರೆದೆ. ಮರುವರ್ಷ ಅವನು ಬರಲಿಲ್ಲ. ಟಿ.ಸಿ. ಒಯ್ಯಲು ಬಂದ ಅವನ ತಂದೆ, "ಕ್ಲಾಸಿಗೆ ಬರೋಕೇ ಹೆದರ್ತಿದ್ದ ಸ್ವಾಮಿ, ನಿಮಗೆ ಗೊತ್ತಾಗಲಿಲ್ವೆ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಪ್ರಾಣಿಶಾಸ್ತ್ರವನ್ನು ಮೂವತ್ತು ವರ್ಷ ಬೋಧಿಸಿದವನಿಗೆ ನಿಶ್ಚಲತೆಗೂ ಶಾಂತಿಗೂ ಇರುವ ಅಂತರವನ್ನು ಒಂದು ಮೀನು ತಿಳಿಸಬೇಕಾಯಿತು. ತೊಟ್ಟಿಯಲ್ಲಿದ್ದ ಆ ಮೀನು ಐದನೆಯ ನಿಮಿಷದಲ್ಲಿ ಮೆಲ್ಲನೆ ಮೇಲೆ ಬಂತು. ಅದನ್ನು ಯಾರೂ ಕರೆದಿರಲಿಲ್ಲ, ಗದರಿರಲೂ ಇಲ್ಲ; ಅದು ಬರುವವರೆಗೆ ನೋಡುತ್ತ ಕಾದಿದ್ದರು, ಅಷ್ಟೆ. ಆ ಹುಡುಗನಿಗೆ ನಾನು ಅಷ್ಟನ್ನೂ ಮಾಡಿರಲಿಲ್ಲ.

(ಬಾನುಲಿ ಭಾಷಣ)