ಉಪ್ಪಿನ ಬಳಗದ ಮಾತ್ರೆ

ಪೇಪರಿನಲ್ಲಿ ಲಿಥಿಯಂ ಅಂದರೆ ಬ್ಯಾಟರಿ, ಎಲೆಕ್ಟ್ರಿಕ್ ಸ್ಕೂಟರ್, ಮಂಡ್ಯದ ನಿಕ್ಷೇಪ. ಅರಸೀಕೆರೆಯಲ್ಲಿ ಮೆಡಿಕಲ್ ಸ್ಟೋರ್ ಇಟ್ಟುಕೊಂಡಿರುವ ನನಗೆ ಅದು ಮೊದಲು 300 ಮಿಲಿಗ್ರಾಂ ಮಾತ್ರೆ: ಲಿಥಿಯಂ ಕಾರ್ಬೊನೇಟ್. ಕಪಾಟಿನಲ್ಲಿ ಅದಕ್ಕಿರುವುದು ಅಂಗೈಯಗಲ ಜಾಗ. ಆದರೆ ಅದರ ಚೀಟಿ ತಂದವರನ್ನು ನಾನು ಎರಡು ನಿಮಿಷ ಹೆಚ್ಚಿಗೆ ನಿಲ್ಲಿಸಿಕೊಳ್ಳುತ್ತೇನೆ, ಹಿಂದಿನವರು ಗೊಣಗಿದರೂ ಸರಿ.

ಪುಡಿ ನೋಡಲು ಅಡುಗೆ ಸೋಡಾದಷ್ಟೇ ಬೆಳ್ಳಗೆ, ಸಾಧು. ಸ್ವಭಾವ ಮಾತ್ರ ಉಲ್ಟಾ. ಸಕ್ಕರೆ ಬಿಸಿನೀರಿನಲ್ಲಿ ಬೇಗ ಕರಗುತ್ತದೆ. ಇದು ಬಿಸಿ ಮಾಡಿದಷ್ಟೂ ಕರಗಲು ಒಲ್ಲೆನ್ನುತ್ತದೆ. ನೂರು ಮಿಲಿಲೀಟರ್ ತಣ್ಣೀರಿಗೆ ಒಂದೂವರೆ ಗ್ರಾಂ ಹಿಡಿಸಿದರೆ ಕುದಿನೀರಿಗೆ ಅದರರ್ಧ. ಕಾಲೇಜಿನ ಲ್ಯಾಬಿನಲ್ಲಿ ತಿಳಿಯಾಗಿದ್ದ ದ್ರಾವಣವನ್ನು ಬರ್ನರ್ ಮೇಲಿಟ್ಟಾಗ ಅದು ಮೆಲ್ಲಗೆ ಮಸುಕಾಗಿ, ಬೀಕರಿನ ತಳದಲ್ಲಿ ಬಿಳಿ ಪುಡಿ ಕೂತದ್ದನ್ನು ನೋಡಿದ್ದೇನೆ. ಕಾರ್ಖಾನೆಯವರಿಗೆ ಈ ಹಟಮಾರಿತನವೇ ಲಾಭ. ಚಿಲಿ ದೇಶದ ಅಟಕಾಮಾ ಉಪ್ಪುಬಯಲಿನಲ್ಲಿ ನೆಲದಡಿಯ ಉಪ್ಪುನೀರನ್ನು ಮೇಲೆತ್ತಿ, ದೊಡ್ಡ ದೊಡ್ಡ ಹೊಂಡಗಳಲ್ಲಿ ವರ್ಷಕ್ಕೂ ಮಿಕ್ಕಿ ಬಿಸಿಲಿಗೆ ಬತ್ತಿಸಿ, ಕಲ್ಮಶ ತೆಗೆದು, ಬಿಸಿ ಮಾಡಿ ಸೋಡಾ ಆಶ್ ಬೆರೆಸುತ್ತಾರೆ. ಕಾರ್ಬೊನೇಟ್ ತಳಕ್ಕಿಳಿಯುತ್ತದೆ. ತೊಳೆಯುವುದೂ ಬಿಸಿನೀರಿನಲ್ಲೇ, ಮಾಲು ಕೊಚ್ಚಿಹೋಗಬಾರದಲ್ಲ. ಆಸ್ಟ್ರೇಲಿಯಾದ ಲಿಥಿಯಂ ಸ್ಪಾಡ್ಯುಮೀನ್ ಎಂಬ ಕಲ್ಲಿನಿಂದ ಬರುತ್ತದೆ. ಮಂಡ್ಯ ಜಿಲ್ಲೆಯ ಮಾರ್ಲಗಲ್ಲದಲ್ಲಿ ಸಿಕ್ಕಿದ್ದೂ ಕಲ್ಲೇ, ಅದರಲ್ಲಿ ಲಿಥಿಯಂ ಅಂದಾಜು 1,600 ಟನ್. ಸುದ್ದಿಯ ಸದ್ದಿಗೆ ಹೋಲಿಸಿದರೆ ಅಲ್ಪ.

ಈ ಪುಡಿ ಪಿಂಗಾಣಿಯ ಮೆರುಗನ್ನು ಕಡಿಮೆ ಶಾಖದಲ್ಲೇ ಕರಗಿಸುತ್ತದೆ, ಕೆಲವು ಬಗೆಯ ಸಿಮೆಂಟನ್ನು ಬೇಗ ಗಟ್ಟಿಯಾಗಿಸುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಕಚ್ಚಾ ಮಾಲು ಕೂಡ ಇದೇ. 2022ರ ಕೊನೆಗೆ ಚೀನಾದಲ್ಲಿ ಟನ್ನಿಗೆ ಸುಮಾರು 6 ಲಕ್ಷ ಯುವಾನ್ ಮುಟ್ಟಿದ್ದ ದರ 2024ರಲ್ಲಿ ಲಕ್ಷಕ್ಕಿಂತ ಕೆಳಗಿಳಿಯಿತು. ಮಾತ್ರೆಗೆ ಅಂಥ ಆರ್ಭಟವಿಲ್ಲ. ನಿಸರ್ಗದ ಉಪ್ಪಿಗೆ ಪೇಟೆಂಟ್ ಸಿಗದು, ಹಾಗಾಗಿ ಇದರ ಗುಣ ಹಾಡುವ ಕಂಪನಿಯ ರೆಪ್ ಯಾರೂ ನಮ್ಮ ಮೆಟ್ಟಿಲು ಹತ್ತಿದ್ದಿಲ್ಲ.

ಔಷಧಿಯಾದ ಕಥೆ ಆಸ್ಟ್ರೇಲಿಯಾದ್ದು. ಜಾನ್ ಕೇಡ್ ಎಂಬ ಮನೋವೈದ್ಯ ಎರಡನೇ ಮಹಾಯುದ್ಧದಲ್ಲಿ ಜಪಾನಿಯರ ಸೆರೆಯಲ್ಲಿದ್ದು ಬಂದವನು. ಮೆಲ್ಬರ್ನ್ ಹತ್ತಿರದ ಬುಂಡೂರಾ ಆಸ್ಪತ್ರೆಯಲ್ಲಿ ಗಿನಿಯಿಲಿಗಳಿಗೆ ಲಿಥಿಯಂ ಲವಣ ಚುಚ್ಚಿದಾಗ ಅವು ಮಂಕಾಗಿ ಬಿದ್ದುಕೊಂಡವು. (ಬಹುಶಃ ವಿಷವೇರಿ ಇರಬೇಕು ಎನ್ನುವವರೂ ಇದ್ದಾರೆ.) ಆತ ಮೊದಲು ತಾನೇ ನುಂಗಿ ನೋಡಿ, 1948ರಲ್ಲಿ ವರ್ಷಗಟ್ಟಲೆ ಉನ್ಮಾದದಲ್ಲಿದ್ದ ರೋಗಿಯೊಬ್ಬನಿಗೆ ಕೊಟ್ಟ. ರೋಗಿ ಚೇತರಿಸಿಕೊಂಡು ಕೆಲಸಕ್ಕೂ ಹೋದ. ಮಾತ್ರೆ ಬಿಟ್ಟ, ಕಾಯಿಲೆ ಮರುಕಳಿಸಿತು. 1950ರಲ್ಲಿ ಲಿಥಿಯಂ ನಂಜಿನಿಂದಲೇ ತೀರಿಕೊಂಡ. ರಕ್ತದಲ್ಲಿ ಎಷ್ಟಿದೆ ಎಂದು ಅಳೆದು ನೋಡುವ ಕ್ರಮ ಆಗಿನ್ನೂ ಬಂದಿರಲಿಲ್ಲ.

ಅದೇ ಹೊತ್ತಿಗೆ ಅಮೆರಿಕದಲ್ಲಿ ಇನ್ನೊಂದು ಅನಾಹುತ. ಹೃದ್ರೋಗಿಗಳಿಗೆ ಉಪ್ಪು ಬೇಡವೆಂದು, ರುಚಿಗೆ ಲಿಥಿಯಂ ಕ್ಲೋರೈಡನ್ನು ಊಟದ ಮೇಜಿಗೆ ತಂದರು. 1949ರಲ್ಲಿ ಸಾವುಗಳು ಬೆಳಕಿಗೆ ಬಂದು ಅದನ್ನು ಹಿಂದಕ್ಕೆ ತೆಗೆದುಕೊಂಡರು. ಆ ಭಯ ಆರಲು ಕಾಲ ಹಿಡಿಯಿತು. ಡೆನ್ಮಾರ್ಕಿನ ಮೊಗೆನ್ಸ್ ಷೌ 1954ರಲ್ಲಿ ಕ್ರಮಬದ್ಧ ಪ್ರಯೋಗ ಪ್ರಕಟಿಸಿದರೂ ಅಮೆರಿಕ ಒಪ್ಪಿಗೆ ಕೊಟ್ಟಿದ್ದು 1970ರಲ್ಲಿ.

ಉಪ್ಪು ಬಿಟ್ಟವರಿಗೇ ಯಾಕೆ ಹಾಗಾಯಿತು? ಕಿಡ್ನಿಯ ಮಟ್ಟಿಗೆ ಲಿಥಿಯಂ ಕೂಡ ಸೋಡಿಯಂ ಇದ್ದಂತೆಯೇ. ಊಟದಲ್ಲಿ ಉಪ್ಪು ಕಮ್ಮಿಯಾದರೆ, ಬೆವರು, ವಾಂತಿ, ಭೇದಿಯಲ್ಲಿ ನೀರು ಹೋದರೆ, ಕಿಡ್ನಿ ಸೋಡಿಯಂ ಹಿಡಿದಿಟ್ಟುಕೊಳ್ಳಲು ಹೊರಡುತ್ತದೆ. ಜೊತೆಗೆ ಲಿಥಿಯಂ ಕೂಡ ಉಳಿದುಬಿಡುತ್ತದೆ. ಉಪಯೋಗಕ್ಕೂ ಅಪಾಯಕ್ಕೂ ನಡುವಿನ ಜಾಗ ಬಹಳ ಕಿರಿದು. ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಇರಲಿ ಎನ್ನುತ್ತಾರೆ, 1.5 ದಾಟಿದರೆ ನಂಜು.

ಒಂದು ಬೇಸಿಗೆಯಲ್ಲಿ ಹಳ್ಳಿಯ ಹೆಂಗಸೊಬ್ಬರು ಮಗನ ಚೀಟಿ ತಂದಿದ್ದರು. ಹುಡುಗನಿಗೆ ಬೈಪೋಲಾರ್, ಮಾತ್ರೆ ಹಿಡಿದ ಮೇಲೆ ಕೊಬ್ಬರಿ ಮಂಡಿಯ ಕೆಲಸಕ್ಕೆ ಸರಿಯಾಗಿ ಹೋಗುತ್ತಿದ್ದ.

"ಯಾಕೋ ಕೈ ನಡುಗ್ತವೆ ಅಕ್ಕಾ, ಲೋಟ ಹಿಡಿಯಕ್ಕಾಗಲ್ಲ. ನಡೆಯೋವಾಗ ತೂರಾಡ್ತಾನೆ. ಎರಡು ದಿನದಿಂದ ಭೇದಿ ಬೇರೆ."

"ಊಟದಲ್ಲಿ ಏನಾದ್ರೂ ಬದಲಾಯ್ತೇನವ್ವಾ?"

"ಏನಿಲ್ಲ. ಅವರಪ್ಪಂಗೆ ಬಿಪಿ ಅಂದ್ರಲ್ಲ, ಮನೇಲಿ ಎಲ್ಲಾರೂ ಉಪ್ಪು ಬಿಟ್ಟಿದೀವಿ."

ಗಂಡನ ಮೇಲಿನ ಕಾಳಜಿಯಿಂದ ಆಕೆ ಇಡೀ ಮನೆಯ ಸಾರನ್ನು ಸಪ್ಪೆ ಮಾಡಿದ್ದರು. ಮಂಡಿಯ ಸೆಕೆಯಲ್ಲಿ ಬೆವರು ಸುರಿಸುವ ಹುಡುಗನಿಗೂ ಅದೇ. ನಾನು ಸ್ಟ್ರಿಪ್ ಕೊಡಲಿಲ್ಲ. ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿಸಿದೆ. ಮುಂದಿನ ಡೋಸ್ ತಡೆದು ಈಗಲೇ ಆಸ್ಪತ್ರೆಗೆ ಕರೆತರಲು ಹೇಳಿದರು. ಹುಡುಗ ಸುಧಾರಿಸಿಕೊಂಡ. ಆಮೇಲೆ ಆ ಮನೆಯಲ್ಲಿ ಎರಡು ಪಾತ್ರೆ ಸಾರು.

ನೋವಿನ ಮಾತ್ರೆಯೂ ಹೀಗೇ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಲಿಥಿಯಂ ಮಟ್ಟ ಏರಿಸುತ್ತವೆ. ಬಿಪಿಯ ಎನಲಾಪ್ರಿಲ್, ಟೆಲ್ಮಿಸಾರ್ಟಾನ್, ಮೂತ್ರ ಹೆಚ್ಚಿಸುವ ಥಯಾಜೈಡ್ ಕೂಡ. ಸೊಂಟನೋವಿಗೆ ಚೀಟಿಯಿಲ್ಲದೆ ಮಾತ್ರೆ ಕೇಳುವವರು ತಾವು ಲಿಥಿಯಂ ತೆಗೆದುಕೊಳ್ಳುವ ಸಂಗತಿ ಬಾಯಿಬಿಡುವುದಿಲ್ಲ. ಮನಸ್ಸಿನ ಕಾಯಿಲೆ ಎಂದರೆ ಈಗಲೂ ಮುಜುಗರ. ಆ ಮಾತ್ರೆಯನ್ನು ಒಂದಂಗಡಿಯಲ್ಲಿ, ಇದನ್ನು ಇನ್ನೊಂದಂಗಡಿಯಲ್ಲಿ ಕೊಳ್ಳುವವರೂ ಉಂಟು, ನನಗೆ ನಿಜಕ್ಕೂ ಹೆದರಿಕೆ ಅವರದ್ದು. ಇದೆಲ್ಲ ಕೇಳಿ ಗಾಬರಿಯಾಗಿ ಸ್ವಂತ ಬುದ್ಧಿಯಿಂದ ಮಾತ್ರೆ ನಿಲ್ಲಿಸುವುದೂ ಸಲ್ಲದು. ತಟಕ್ಕನೆ ಬಿಟ್ಟರೆ ಉನ್ಮಾದ ತಿರುಗಿ ಬರಬಹುದು.

ಲೆವೆಲ್ ನೋಡಿಸಲು ರಕ್ತ ಕೊಡುವುದು ಹಿಂದಿನ ಡೋಸಾಗಿ ಹನ್ನೆರಡು ಗಂಟೆಗೆ. ರಾತ್ರಿ ಒಂಬತ್ತಕ್ಕೆ ನುಂಗಿದ್ದರೆ ಬೆಳಗ್ಗೆ ಒಂಬತ್ತಕ್ಕೆ, ಬೆಳಗಿನ ಮಾತ್ರೆ ನುಂಗುವ ಮೊದಲು. ಕಿಡ್ನಿ, ಥೈರಾಯ್ಡ್ ಪರೀಕ್ಷೆಯನ್ನೂ ಆಗಾಗ ಬರೆಯುತ್ತಾರೆ. ಕಾಫಿ ಕುಡಿದು ಹೋಗಬಹುದಾ ಎಂದು ಎಲ್ಲರೂ ಕೇಳುತ್ತಾರೆ. ಲಿಥಿಯಂ ಪರೀಕ್ಷೆಗೆ ಖಾಲಿ ಹೊಟ್ಟೆ ಬೇಕಿಲ್ಲ, ದಿನಾ ಕುಡಿಯುವಷ್ಟು ಕುಡಿದೇ ಹೋಗಿ ಎನ್ನುತ್ತೇನೆ. ಕಾಫಿ ಲಿಥಿಯಮನ್ನು ಮೂತ್ರದಲ್ಲಿ ಹೊರಗೆ ತಳ್ಳುತ್ತದೆ. ವ್ರತವೆಂದು ಒಮ್ಮೆಲೇ ಬಿಟ್ಟರೆ ಮಟ್ಟ ಏರುತ್ತದೆ, ಬಿಡುವುದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿಯೇ ಬಿಡಬೇಕು.