ಎಣ್ಣೆ ಬೆವರುವ ಬುಷ್

ಸ್ವಿಚ್ ಹಾಕಿದರೆ ಟೇಬಲ್ ಫ್ಯಾನು ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. ರಿಪೇರಿಗೆ ಒಯ್ದರೆ ಮೆಕ್ಯಾನಿಕ್ ಶಾಫ್ಟನ್ನು ಎರಡು ಬೆರಳಲ್ಲಿ ಹಿಡಿದು ಅತ್ತಿತ್ತ ಅಲುಗಿಸಿ, "ಬುಷ್ ಹೋಗಿದೆ ಸಾರ್" ಅನ್ನುತ್ತಾರೆ. ನಮ್ಮ ಬೀದಿಯ ಮೆಕ್ಯಾನಿಕ್ ಇದನ್ನು ಹೇಳಿ ಅಷ್ಟಕ್ಕೇ ಬಿಡಲಿಲ್ಲ. ಡಬ್ಬಿಯಿಂದ ಹೊಸ ಬುಷ್ ಒಂದನ್ನು ತೆಗೆದರು. ಶಾಫ್ಟ್ ಒಳಗೆ ತಿರುಗುವ ಕೊಳವೆಯ ತುಂಡಿನಂಥದು, ಬೆರಳಿನ ಒಂದು ಗೆಣ್ಣಿನಷ್ಟೂ ಉದ್ದವಿಲ್ಲ, ಮಾಸಲು ಕಂಚಿನ ಬಣ್ಣ. ಅದರ ಒಂದು ಬಾಯಿಗೆ ಹೆಬ್ಬೆರಳು ಕೊಟ್ಟು, ರಂಧ್ರದ ತುಂಬ ಎಣ್ಣೆ ಬಿಟ್ಟು, ಮೇಲಿನ ಬಾಯಿಗೆ ಇನ್ನೊಂದು ಬೆರಳಿಟ್ಟು ಗಟ್ಟಿಯಾಗಿ ಒತ್ತಿದರು. ಸ್ವಲ್ಪ ಹೊತ್ತಿಗೆ ಬುಷ್‌ನ ಹೊರಮೈ ಮೇಲೆ ಸಣ್ಣ ಸಣ್ಣ ಹನಿಗಳು ಮೂಡಿದವು. ಲೋಹದ ಗೋಡೆಯೊಳಗಿಂದ ಎಣ್ಣೆ ಬೆವರಿ ಬಂದಿತ್ತು.

ಕಂಚಿನ ಸರಳನ್ನು ಲೇತಿಗೆ ಕೊಟ್ಟು ಕಡೆದ ಬುಷ್ ಹೀಗೆ ಬೆವರುವುದಿಲ್ಲ. ಇದು ಪುಡಿಯನ್ನು ಒತ್ತಿ ಕಟ್ಟಿದ ಬುಷ್. ನೂರಕ್ಕೆ 90 ಪಾಲು ತಾಮ್ರ, 10 ಪಾಲು ತವರದ ಪುಡಿ ಸೇರಿಸಿ, ಅಚ್ಚಿನಲ್ಲಿ ಒತ್ತಿ, ಕುಲುಮೆಯಲ್ಲಿ ಸುಟ್ಟದ್ದು. ಕಣಕಣಗಳ ನಡುವೆ ಉಳಿದ ಸಂದುಗಳೆಲ್ಲ ಒಂದಕ್ಕೊಂದು ಕೂಡಿಕೊಂಡಿವೆ. ಬುಷ್‌ನ ಗಾತ್ರದಲ್ಲಿ ಸುಮಾರು ಐದರಲ್ಲೊಂದು ಪಾಲು ಹೀಗೆ ಖಾಲಿ. ಆ ಖಾಲಿಯೇ ಎಣ್ಣೆಯ ಉಗ್ರಾಣ. ಶಾಫ್ಟ್ ತಿರುಗಿ ಬಿಸಿಯಾದಾಗ ಎಣ್ಣೆ ಹಿಗ್ಗಿ ಹೊರಗೆ ಬರುತ್ತದೆ, ನಿಂತು ತಣ್ಣಗಾದಾಗ ಬತ್ತಿ ಎಣ್ಣೆ ಹೀರಿದ ಹಾಗೆ ಸಂದುಗಳು ಅದನ್ನು ಒಳಕ್ಕೆ ಎಳೆದುಕೊಳ್ಳುತ್ತವೆ.

ಪುಡಿಯನ್ನು ಒತ್ತುವುದರಲ್ಲಿ ಏನು ದೊಡ್ಡಸ್ತಿಕೆ, ಬಲವಿದ್ದರಾಯಿತಲ್ಲ ಎಂದು ನಾನೂ ಅಂದುಕೊಂಡಿದ್ದೆ. ಆದರೆ ರವೆ ಉಂಡೆಯನ್ನೋ ತಂಬಿಟ್ಟನ್ನೋ ಕಟ್ಟಿದವರಿಗೆ ಗೊತ್ತು, ಒಂದೇ ಕಡೆ ಹಿಂಡಿದರೆ ಇನ್ನೊಂದು ಕಡೆ ಉದುರುತ್ತದೆ. ಅಂಗೈಯಲ್ಲಿ ತಿರುಗಿಸುತ್ತ ಸುತ್ತಲಿಂದ ಒತ್ತಬೇಕು. ನೀರಿಗಾದರೆ ಎಲ್ಲಿ ಒತ್ತಿದರೂ ಒತ್ತಡ ಎಲ್ಲ ಕಡೆಗೂ ಒಂದೇ ಸಮ ಹರಡುತ್ತದೆ. ಪುಡಿಗೆ ಆ ಗುಣವಿಲ್ಲ. ಅದು ಅಚ್ಚಿನ ಗೋಡೆಗೆ ಆತುಕೊಳ್ಳುತ್ತದೆ, ಭಾರವನ್ನು ಗೋಡೆಗೆ ದಾಟಿಸಿಬಿಡುತ್ತದೆ.

ಕಣಜದಲ್ಲಿ ಇದೇ ನಡೆಯುತ್ತದೆ. ನೀರಿನ ತೊಟ್ಟಿ ಆಳವಾದಷ್ಟೂ ತಳದ ಮೇಲಿನ ಒತ್ತಡ ಏರುತ್ತಲೇ ಹೋಗುತ್ತದೆ. ಕಣಜದಲ್ಲಿ ಕಾಳು ಒಂದು ಮಟ್ಟ ದಾಟಿದ ಮೇಲೆ ಇನ್ನೆಷ್ಟು ಸುರಿದರೂ ತಳಕ್ಕೆ ಹೆಚ್ಚಿನ ಭಾರ ತಟ್ಟುವುದಿಲ್ಲ, ಮಿಕ್ಕಿದ್ದನ್ನು ಗೋಡೆ ಹೊರುತ್ತದೆ. 1895ರಲ್ಲಿ ಜರ್ಮನಿಯ ಎಂಜಿನಿಯರ್ ಯಾನ್ಸೆನ್ ಇದನ್ನು ಅಳೆದು ಲೆಕ್ಕಕ್ಕೆ ಇಳಿಸಿದ. ಕಣಜಕ್ಕೆ ಇದು ಅನುಕೂಲ, ಪುಡಿ ಒತ್ತುವ ಪ್ರೆಸ್‌ಗೆ ದೊಡ್ಡ ತೊಡಕು. ಮೇಲಿನಿಂದ ಮಾತ್ರ ಒತ್ತಿದರೆ ಬುಷ್‌ನ ತಲೆ ಗಟ್ಟಿ, ಬುಡ ಜೊಳ್ಳು. ಪುಡಿ ಪ್ರೆಸ್‌ನ ಜೋಡಣೆಯೆಲ್ಲ ಈ ಒಂದು ಹಟಮಾರಿ ಗುಣದ ಸುತ್ತ ಬೆಳೆದದ್ದು ಎಂದೇ ನನಗನ್ನಿಸುತ್ತದೆ.

ಪೀಣ್ಯದ ಕಾರ್ಖಾನೆಯೊಂದರಲ್ಲಿ ಇಂಥ ಪ್ರೆಸ್‌ನ ಮುಂದೆ ಅರ್ಧ ದಿನ ನಿಂತಿದ್ದೆ. ಮೇಲೆ ಹಾಪರಿನಲ್ಲಿ ಪುಡಿ. ಕೆಳಗೆ ಸಪಾಟಾದ ಮೇಜು, ನಡುವೆ ಡೈ, ಅಂದರೆ ಗಟ್ಟಿ ಲೋಹದ ಅಚ್ಚಿನ ಬಾವಿ. ಬಾವಿಯ ತಳವೇ ಕೆಳಗಿನ ಪಂಚ್. ನಡುವೆ ನಿಂತ ಸರಳು ಬುಷ್‌ನ ರಂಧ್ರಕ್ಕೆ. ಫೀಡ್ ಶೂ ಎಂಬ ಪೆಟ್ಟಿಗೆ ಮೇಜಿನ ಮೇಲೆ ಜಾರಿ ಬಂದು ಬಾವಿಯ ಮೇಲೆ ಒಂದೆರಡು ಸಲ ಅಲುಗುತ್ತದೆ, ಪುಡಿ ತುಂಬುತ್ತದೆ. ಹಿಂದಕ್ಕೆ ಸರಿಯುವಾಗ ಅದರ ಅಂಚೇ ಪುಡಿಯನ್ನು ಸೇರು ಗೀರಿದ ಹಾಗೆ ಮಟ್ಟ ಮಾಡುತ್ತದೆ. ಇಲ್ಲಿ ಯಾರೂ ತೂಕ ಮಾಡುವುದಿಲ್ಲ, ಬಾವಿಯ ಆಳವೇ ಅಳತೆ. ಮೇಲಿನ ಪಂಚ್ ಇಳಿಯುತ್ತದೆ, ಪುಡಿ ಸುಮಾರು ಅರ್ಧ ಎತ್ತರಕ್ಕೆ ಕುಗ್ಗುತ್ತದೆ. ಹೊರಗೆ 14 ಮಿ.ಮೀ., ಒಳಗೆ 8 ಮಿ.ಮೀ. ವ್ಯಾಸದ ಬುಷ್‌ಗೆ ಒತ್ತುವ ಮುಖ ಸುಮಾರು ಒಂದು ಚದರ ಸೆಂಟಿಮೀಟರ್. ಅಷ್ಟಕ್ಕೇ ಎರಡು ಮೂರು ಟನ್ ಬೇಕು. ಕಬ್ಬಿಣದ ಗಿಯರ್ ಆದರೆ ಚದರ ಸೆಂಟಿಮೀಟರಿಗೆ ಐದಾರು ಟನ್.

ಆಗ ನಾನು ಕಣ್ಣು ಕೀಲಿಸಿ ನೋಡಿದ್ದು ಡೈಯನ್ನು. ಪಂಚ್ ಇಳಿದಾಗ ಡೈ ಕೂಡ ಕೊಂಚ ಕೆಳಗೆ ಜಗ್ಗುತ್ತಿತ್ತು. ಅದನ್ನು ಕೂರಿಸಿದ್ದು ಸ್ಪ್ರಿಂಗ್‌ಗಳ ಮೇಲೆ. ಗೋಡೆಗೆ ಆತುಕೊಂಡ ಪುಡಿ ಕೆಳಗಿಳಿಯುತ್ತ ಗೋಡೆಯನ್ನೂ ತನ್ನ ಜತೆ ಎಳೆಯುತ್ತದೆ. ಡೈ ಇಳಿದರೆ, ಅಲುಗದ ಕೆಳಗಿನ ಪಂಚ್ ಡೈಯೊಳಗೆ ಮೇಲೇರಿದಂತೆಯೇ ಆಯಿತು. ಅಂದರೆ ಒಂದೇ ಕಡೆಯಿಂದ ಬಲ ಹಾಕಿದರೂ ಪುಡಿಗೆ ಎರಡೂ ಕಡೆಯಿಂದ ಒತ್ತು ಬೀಳುತ್ತದೆ. ಕೆಲಸ ಕೆಡಿಸುತ್ತಿದ್ದ ತಿಕ್ಕಾಟದಿಂದಲೇ ಕೆಲಸ ತೆಗೆದಿದ್ದಾರೆ! ಈಗ ಜೊಳ್ಳು ಬುಡದಿಂದ ನಡುವಿಗೆ ಸರಿಯಿತು, ತುಸು ಕಡಿಮೆಯೂ ಆಯಿತು. ಪೂರ್ತಿ ಹೋಗುವುದಿಲ್ಲ, ಬಹಳ ಉದ್ದನೆಯ, ತೆಳು ಗೋಡೆಯ ಬುಷ್ ಈ ದಾರಿಯಲ್ಲಿ ಕಷ್ಟ.

ವಸ್ತುವಿಗೆ ಮೆಟ್ಟಿಲಿದ್ದರೆ ತೊಡಕು ಇನ್ನೂ ಹೆಚ್ಚು. ಒಟ್ಟು 20 ಮಿ.ಮೀ. ಎತ್ತರದ ಕೊಳವೆ, ಅದರ ತಲೆಗೆ 5 ಮಿ.ಮೀ. ದಪ್ಪದ ಅಂಚು ಎಂದಿಟ್ಟುಕೊಳ್ಳಿ. ಅರ್ಧಕ್ಕೆ ಕುಗ್ಗಬೇಕೆಂದರೆ ಕೊಳವೆಯ ಜಾಗದಲ್ಲಿ 40 ಮಿ.ಮೀ. ಪುಡಿ ಇರಬೇಕು, ಅಂಚಿನ ಜಾಗದಲ್ಲಿ 10. ಕೆಳಗಿನ ಪಂಚ್ ಒಂದೇ ತುಂಡಾದರೆ ಅದರ ಮೆಟ್ಟಿಲಿನ ವ್ಯತ್ಯಾಸ ಯಾವಾಗಲೂ 15 ಮಿ.ಮೀ.; ಹಾಗಾಗಿ ಅಂಚಿನಲ್ಲಿ 25 ಮಿ.ಮೀ. ಪುಡಿ ತುಂಬಿಕೊಳ್ಳುತ್ತದೆ. ಅದನ್ನು 5ಕ್ಕೆ ಇಳಿಸಲು ಹೋದರೆ ಪಂಚ್ ಮುರಿದೀತೇ ಹೊರತು ಪುಡಿ ಪಕ್ಕಕ್ಕೆ ಹರಿದು ಜಾಗ ಬಿಡುವುದಿಲ್ಲ. ಆದ್ದರಿಂದ ಕೆಳಗೆ ಎರಡು ಪಂಚ್, ಒಂದರೊಳಗೊಂದು, ಪ್ರತಿಯೊಂದಕ್ಕೂ ಅದರದೇ ನಡೆ. ಆಕಾರ ತೊಡಕಾದಷ್ಟೂ ಪಂಚ್‌ಗಳು ಹೆಚ್ಚುತ್ತವೆ.

ಒತ್ತಿದ್ದಾಯಿತು, ಹೊರತೆಗೆಯಬೇಕಲ್ಲ. ನೂರರಲ್ಲಿ ಒಂದು ಪಾಲಿಗೂ ಕಡಿಮೆ ಸತುವಿನ ಸ್ಟಿಯರೇಟ್ ಎಂಬ ಸೋಪಿನ ಜಾತಿಯ ಪುಡಿಯನ್ನು ಮೊದಲೇ ಬೆರೆಸಿರುತ್ತಾರೆ, ಗೋಡೆಗೆ ಜಾರಿಕೆ ಬರಲೆಂದು. ಆದರೂ ಡೈಯ ಬಿಗಿಯಿಂದ ಬಿಡಿಸಿಕೊಳ್ಳುವಾಗ ತುಂಡು ಕೂದಲೆಳೆಯಷ್ಟು ಹಿಗ್ಗುತ್ತದೆ. ಎರಡು ಪಂಚ್‌ಗಳಲ್ಲಿ ಒಂದು ಮೊದಲೇ ಸಡಿಲವಾದರೆ ಮೆಟ್ಟಿಲಿನ ಮೂಲೆಯಲ್ಲಿ ಬಿರುಕು. ಪ್ರೆಸ್ ನಡೆಸುತ್ತಿದ್ದವರು ಆಗಷ್ಟೇ ಹೊರಬಂದ ಅಂಚಿನ ತುಂಡೊಂದನ್ನು ನನ್ನ ಕೈಗಿಟ್ಟರು. ನೋಡಲು ಪೂರ್ತಿಯಾದ ಲೋಹ. ಉಗುರಿನಿಂದ ಅಂಚು ಕೆರೆದರೆ ಪುಡಿ ಉದುರಿತು. ಅವರು ಎರಡು ಹೆಬ್ಬೆರಳು ಕೊಟ್ಟು ಬಗ್ಗಿಸಿದಾಗ ಬಿಸ್ಕತ್ತಿನ ಹಾಗೆ ಪಟ್ಟನೆ ಮುರಿಯಿತು, ಸರಿಯಾಗಿ ಮೂಲೆಯಲ್ಲೇ. "ಇದು ಹಸೀದು ಸಾರ್," ಎಂದರು. ಇಟ್ಟಿಗೆ ಗೂಡಿನವರ ಮಾತೂ ಅದೇ, ಸುಡುವ ಮುನ್ನ ಹಸಿ ಇಟ್ಟಿಗೆ.

ಕಂಚಿನ ತುಂಡುಗಳನ್ನು ಸುಡುವುದು ಸುಮಾರು 800 ಡಿಗ್ರಿ ಸೆಲ್ಸಿಯಸ್‌ನಲ್ಲಿ. ತಾಮ್ರ ಕರಗಲು 1085 ಡಿಗ್ರಿ ಬೇಕು, ಹಾಗಾಗಿ ಆಕಾರ ಕುಸಿಯುವುದಿಲ್ಲ. ತವರ ಮಾತ್ರ 232 ಡಿಗ್ರಿಗೇ ಕರಗಿ ತಾಮ್ರದೊಳಗೆ ಇಳಿದು ಕಂಚಾಗುತ್ತದೆ, ಕಣಗಳು ತಾಗಿದಲ್ಲೆಲ್ಲ ಬೆಸೆದುಕೊಳ್ಳುತ್ತವೆ. ತುಕ್ಕು ಹಿಡಿಯದಂತೆ ಕುಲುಮೆಯೊಳಗೆ ಗಾಳಿಯ ಬದಲು ಹೈಡ್ರೋಜನ್ ಬೆರೆತ ಅನಿಲ. ಆಮೇಲೆ ನಿರ್ವಾತದಲ್ಲಿ ಎಣ್ಣೆ ತುಂಬಿಸುತ್ತಾರೆ.

ಕರಗದ ಲೋಹದ ಜತೆ ಹೆಣಗಿದ್ದೇ ಈ ವಿದ್ಯೆಗೆ ದಾರಿಯಾಯಿತು. ಪ್ಲಾಟಿನಂ ಕರಗುವುದು 1768 ಡಿಗ್ರಿಯಲ್ಲಿ. ಇನ್ನೂರು ವರ್ಷದ ಹಿಂದೆ ಅದನ್ನು ಹೇರಳವಾಗಿ ಕರಗಿಸಬಲ್ಲ ಕುಲುಮೆ ಇರಲಿಲ್ಲ. ಲಂಡನ್ನಿನ ವಿಲಿಯಂ ಹೈಡ್ ವೊಲ್ಲಾಸ್ಟನ್ ಪ್ಲಾಟಿನಂ ಪುಡಿಯನ್ನು ಒದ್ದೆಯಾಗಿಯೇ ಹಿತ್ತಾಳೆಯ ಕೊಳವೆಗೆ ತುಂಬಿ, ಸನ್ನೆಯ ಪ್ರೆಸ್‌ನಲ್ಲಿ ಒತ್ತಿ, ಕಾಯಿಸಿ ಬಡಿದು ಗಟ್ಟಿ ಮಾಡಿದ. ತುಂಡು ಸಿಕ್ಕಿಕೊಳ್ಳದೆ ಜಾರಿ ಬರಲೆಂದು ಕೊಳವೆಯ ಒಂದು ಬಾಯಿಯನ್ನು ಕೊಂಚ ಅಗಲ ಮಾಡಿದ್ದ. ವರ್ಷಗಟ್ಟಲೆ ಗುಟ್ಟಾಗಿಟ್ಟ ಈ ವಿಧಾನವನ್ನು ಅವನು ಬಿಚ್ಚಿಟ್ಟದ್ದು 1828ರಲ್ಲಿ, ಸಾಯುವ ಕೆಲವೇ ವಾರಗಳ ಮೊದಲು. ನಾವು ನುಂಗುವ ಮಾತ್ರೆಯೂ ಇದೇ ಬಳಗದ್ದು: ಪೆನ್ಸಿಲಿನ ಗ್ರಾಫೈಟ್ ಪುಡಿ ಹಾಳಾಗದಿರಲೆಂದು ಯೋಚಿಸಿದ ಚಿತ್ರಕಾರ ವಿಲಿಯಂ ಬ್ರಾಕೆಡನ್, ಪುಡಿಯನ್ನೂ ಮಾತ್ರೆಯನ್ನೂ ಡೈಯಲ್ಲಿ ಒತ್ತುವ ವಿಧಾನಕ್ಕೆ 1843ರಲ್ಲಿ ಪೇಟೆಂಟ್ ಪಡೆದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರದವರು ಮಣ್ಣಿಗೆ ಕೊಂಚ ಸಿಮೆಂಟ್ ಬೆರೆಸಿ ಬ್ಲಾಕ್ ಒತ್ತುವ ಮರ್ದಿನಿ ಎಂಬ ಕೈಯಂತ್ರ ಮಾಡಿದರು. ಆ ಬ್ಲಾಕ್‌ಗಳನ್ನು ಸುಡುವ ಅಗತ್ಯವೇ ಇಲ್ಲ.

ಫ್ಯಾನಿನ ಹೊಸ ಬುಷ್ ಶಾಫ್ಟಿಗೆ ತುಸು ಬಿಗಿಯಾಗಿತ್ತು. ಅಂಗಡಿಯ ಹುಡುಗ ಎಮರಿ ಕಾಗದವನ್ನು ಸುರುಳಿ ಸುತ್ತಿ ರಂಧ್ರಕ್ಕೆ ತೂರಿಸಲು ಹೊರಟ. ಮೆಕ್ಯಾನಿಕ್ ಅವನ ಕೈ ಹಿಡಿದರು. "ಲೋ, ಒಳಗೆ ಉಜ್ಜಬೇಡ ಕಣೋ. ತೂತೆಲ್ಲ ಮುಚ್ಕೊಂಡ್ರೆ ಎಣ್ಣೆ ಎಲ್ಲಿಂದ ಬರುತ್ತೆ?" ಅದನ್ನು ಪಕ್ಕಕ್ಕಿಟ್ಟು ಡಬ್ಬಿಯಲ್ಲಿ ಇನ್ನೊಂದು ಬುಷ್ ಹುಡುಕತೊಡಗಿದರು.